ಹಲ್ಲಿನ ಚಾಕುವಿಗೂ ಸಾಣೆ ಉಂಟು

ಬ್ರೆಡ್ ಕೊಯ್ಯುವ ಚಾಕು ಮೊಂಡಾದ ಸುದ್ದಿ ಮೊದಲು ಮುಟ್ಟುವುದು ಮೇಜು ಒರೆಸುವವರಿಗೆ. ನಾಲ್ಕು ಚೂರು ಉದುರುತ್ತಿದ್ದಲ್ಲಿ ಈಗ ಮುಷ್ಟಿ ತುಂಬ ಪುಡಿ. ಆಮೇಲೆ ಟೊಮೆಟೊದ ಸರದಿ: ಸಿಪ್ಪೆ ಹರಿಯದೆ ಒಳಕ್ಕೆ ಕುಸಿದು, ರಸ ಮಾತ್ರ ಹೊರಕ್ಕೆ ಬರುತ್ತದೆ. ಮನೆಯಲ್ಲೇ ಕೇಕ್ ಮಾಡಿ ಮಾರುವವರಿಗಂತೂ ಇದು ಹೊಟ್ಟೆಪಾಡಿನ ಪ್ರಶ್ನೆ. ಸ್ಪಾಂಜನ್ನು ಅಡ್ಡಡ್ಡ ಸೀಳುವಾಗ ಪದರ ಕಿತ್ತುಕೊಂಡು ಬಂದರೆ ಅದನ್ನು ಕ್ರೀಮಿನಲ್ಲಿ ಮುಚ್ಚಿಹಾಕಬೇಕಾಗುತ್ತದೆ. ಇಂಥ ಹೊತ್ತಿನಲ್ಲಿ ಜನ ಮಾಡುವುದು ಎರಡೇ ಕೆಲಸ. ಇನ್ನಷ್ಟು ಬಲ ಹಾಕಿ ಹಿಂದಕ್ಕೂ ಮುಂದಕ್ಕೂ ಎಳೆದಾಡುವುದು, ಇಲ್ಲವೇ ಹೊಸ ಚಾಕು ತರುವುದು. ಹಲ್ಲಿನ ಚಾಕುವಿಗೆ ಸಾಣೆ ಹಿಡಿಯಲು ಬರುವುದಿಲ್ಲ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿದೆ. ಪಾತ್ರೆ ಅಂಗಡಿಯವರೂ ಅದನ್ನೇ ಹೇಳಿ ಇನ್ನೊಂದನ್ನು ಕೈಗಿಡುತ್ತಾರೆ. ಅವರ ವ್ಯಾಪಾರ ಅವರಿಗೆ.

ಸಾಣೆ ಬರುತ್ತದೆ. ಹಾರ್ಡ್‌ವೇರ್ ಅಂಗಡಿಯ ಎರಡು ಹಾಳೆ ಮರಳು ಕಾಗದ, ಒಂದು ದುಂಡನೆಯ ಕಡ್ಡಿ, ಅರ್ಧ ಗಂಟೆಯ ಪುರುಸೊತ್ತು ಇದ್ದರೆ ಅಡುಗೆಮನೆಯಲ್ಲೇ ಆಗುವ ಕೆಲಸ. ಕೈಚಳಕಕ್ಕಿಂತ ತಾಳ್ಮೆ ಹೆಚ್ಚು ಬೇಡುತ್ತದೆ, ಅದಕ್ಕಿಂತ ಹೆಚ್ಚಾಗಿ ಆ ಅಲಗನ್ನು ಒಮ್ಮೆ ಸರಿಯಾಗಿ ನೋಡುವುದನ್ನು ಬೇಡುತ್ತದೆ. ನಮ್ಮಲ್ಲಿ ಹೆಚ್ಚಿನವರು ಚಾಕುವನ್ನು ಬಳಸಿರುತ್ತೇವೆ, ನೋಡಿರುವುದಿಲ್ಲ.

ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿಕೊಂಡರೆ ಇನ್ನೂ ಒಳ್ಳೆಯದು. ಅಂಚಿನುದ್ದಕ್ಕೂ ಸಾಲಾಗಿ ಸಣ್ಣ ಸಣ್ಣ ಕಮಾನುಗಳು, ಎರಡು ಕಮಾನು ಕೂಡುವಲ್ಲೊಂದು ಮೊನೆ. ಬ್ರೆಡ್ಡಿನ ಗಟ್ಟಿ ಸಿಪ್ಪೆಯನ್ನು ಮೊದಲು ಚುಚ್ಚುವುದು ಈ ಮೊನೆ. ನೀವು ಹಾಕಿದ ಬಲವೆಲ್ಲ ಆ ಕೆಲವೇ ಬಿಂದುಗಳ ಮೇಲೆ ಕೂಡುವುದರಿಂದ ಮೆತ್ತನೆಯ ಬ್ರೆಡ್ಡನ್ನು ಅದುಮದೆಯೇ ಸಿಪ್ಪೆ ಬಾಯಿ ಬಿಡುತ್ತದೆ. ಚುಚ್ಚಿದ ಮೇಲೆ ನಿಜವಾಗಿ ಕೊಯ್ಯುವುದು ಕಮಾನಿನ ಒಳಬಾಗು. ಅಂದರೆ ನಿಮ್ಮ ಕೈಯಲ್ಲಿರುವುದು ಒಂದು ಚಾಕುವಲ್ಲ, ಒಂದೇ ಹಿಡಿಗೆ ಸಿಕ್ಕಿಸಿದ ಹತ್ತಾರು ಪುಟ್ಟ ಬಾಗುಚಾಕುಗಳು. ಇಪ್ಪತ್ತು ಸೆಂಟಿಮೀಟರ್ ಉದ್ದದ ಅಲಗಿನಲ್ಲಿ ಐದೈದು ಮಿಲಿಮೀಟರಿನ ಕಮಾನುಗಳಿದ್ದರೆ ಲೆಕ್ಕ ನಲವತ್ತಕ್ಕೆ ಬರುತ್ತದೆ.

ಈ ಚಾಕುಗಳು ವರ್ಷಗಟ್ಟಲೆ ಹರಿತ ಉಳಿಸಿಕೊಳ್ಳುವುದರ ಗುಟ್ಟೂ ಇಲ್ಲೇ ಇದೆ. ಹಲಗೆಗೆ, ತಟ್ಟೆಗೆ ತಾಗುವುದು ಮೊನೆ ಮಾತ್ರ. ಕಮಾನಿನ ಒಳಭಾಗ ಎತ್ತರದಲ್ಲಿ ಸುರಕ್ಷಿತವಾಗಿ ಕೂತಿರುತ್ತದೆ. ಹಾಗಾಗಿ ಮೊನೆಗಳು ಮೊದಲು ಉರುಟಾಗುತ್ತವೆ, ಒಳಗಿನ ಅಂಚು ತಡವಾಗಿ ಸವೆಯುತ್ತದೆ. ಬೆಳಕಿನಲ್ಲಿ ಇದು ಕಣ್ಣಿಗೇ ಬೀಳುತ್ತದೆ: ಹರಿತವಾದ ಅಂಚು ಹೊಳೆಯುವುದಿಲ್ಲ, ಬೆಳಕನ್ನು ಹಿಂದಕ್ಕೆ ಕಳಿಸಲು ಅಲ್ಲಿ ಜಾಗವೇ ಇರುವುದಿಲ್ಲ. ಮೊಂಡಾದಲ್ಲಿ ಬಿಳಿ ಚುಕ್ಕೆ, ಬಿಳಿ ಗೆರೆ ಮಿನುಗುತ್ತದೆ. ಸ್ಟೀಲ್ ತಟ್ಟೆಯಲ್ಲೇ ಇಟ್ಟು ಬ್ರೆಡ್ ಕೊಯ್ಯುವ ಮನೆಗಳಲ್ಲಿ ಆ ಚುಕ್ಕೆಗಳು ಬೇಗ ಬರುತ್ತವೆ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಚಾಕುವನ್ನು ಮಗುಚಿ ನೋಡಿದರೆ ಒಂದು ಮಗ್ಗುಲಲ್ಲಿ ಮಾತ್ರ ಕಮಾನಿನ ಇಳಿಜಾರು ಇರುತ್ತದೆ, ಇನ್ನೊಂದು ಹೆಚ್ಚುಕಡಿಮೆ ಚಪ್ಪಟೆ. ಕಾರ್ಖಾನೆಯಲ್ಲಿ ಅಲೆಯಾಕಾರ ಕೊಟ್ಟ ಚಕ್ರಕ್ಕೆ ಅಲಗನ್ನು ಒಂದೇ ಕಡೆಯಿಂದ ಒತ್ತಿ ಹಲ್ಲು ಕೊರೆಯುತ್ತಾರೆ. ಎತ್ತುಗಳಲ್ಲೊಂದು ಹೆಚ್ಚು ಎಳೆದಾಗ ನೇಗಿಲು ಸಾಲು ತಪ್ಪುವಂತೆ ಬ್ರೆಡ್ ಚಾಕು ಚಪ್ಪಟೆ ಮಗ್ಗುಲಿನ ಕಡೆ ಓಲಿ, ಮೇಲೆ ತೆಳ್ಳಗೆ ಶುರುವಾದ ತುಂಡು ಕೆಳಗೆ ದಪ್ಪವಾಗುವುದು ಈ ಕಾರಣಕ್ಕೆ. ನಿಮ್ಮ ಕೈ ಸೊಟ್ಟ ಎಂದು ಯಾರಾದರೂ ಅಂದಿದ್ದರೆ ಈಗ ಉತ್ತರ ಕೊಡಬಹುದು. ಎಡಗೈಯವರ ಪಾಡು ಇನ್ನೂ ಕಷ್ಟ. ಇಳಿಜಾರು ಇನ್ನೊಂದು ಕಡೆಗಿರುವ ಎಡಗೈ ಚಾಕುಗಳು ಇವೆಯಾದರೂ ಹುಡುಕಿ ತರಿಸಬೇಕು. ಸಾಣೆ ಹಿಡಿಯುವವರಿಗೆ ಇದರಿಂದ ಸಿಗುವ ಪಾಠ ಒಂದೇ: ಕೆಲಸವೆಲ್ಲ ಇಳಿಜಾರಿನ ಮಗ್ಗುಲಲ್ಲಿ, ಚಪ್ಪಟೆ ಮಗ್ಗುಲನ್ನು ಮುಟ್ಟುವುದು ಕೊನೆಯಲ್ಲಿ, ಅದೂ ಹೆಸರಿಗೆ.

ಬೀದಿಯಲ್ಲಿ ಸೈಕಲ್ ನಿಲ್ಲಿಸಿ, ಪೆಡಲ್ ತುಳಿದು ಸಾಣೆ ಹಿಡಿಯುವವರ ಕೈಗೆ ಈ ಚಾಕು ಕೊಡಬಾರದು ಎನ್ನುವುದು ಇದಕ್ಕೇ. ಅವರ ಕೈಗುಣದ ಬಗ್ಗೆ ಎರಡು ಮಾತಿಲ್ಲ. ಈಳಿಗೆ, ಕತ್ತರಿ, ಮಾಂಸದ ಕತ್ತಿಗೆ ಅವರಷ್ಟು ಬೇಗ ಬಾಯಿ ತರುವವರು ಬೇರೆ ಇಲ್ಲ. ಹಿಂದೆ ಕುರಂಜಿ ಕಲ್ಲಿನ ಪುಡಿಯನ್ನು ಅರಗಿನಲ್ಲಿ ಕಲಸಿ ಸಾಣೆಯ ಚಕ್ರವನ್ನೇ ಊರಲ್ಲಿ ಮಾಡಿಕೊಳ್ಳುತ್ತಿದ್ದ ಕಸುಬಿದು. ಗಡಸುತನದ ಮೋಸ್ ಅಳತೆಯಲ್ಲಿ ಆ ಕಲ್ಲು 9, ಅದರ ಮೇಲಿರುವುದು 10ರ ವಜ್ರ. ಚಾಕುವಿನ ಉಕ್ಕು ಎಷ್ಟೋ ಕೆಳಗೆ. ಆದರೆ ಚಕ್ರದ ಮುಖ ಸಪಾಟು. ಸಪಾಟು ಚಕ್ರಕ್ಕೆ ಹಲ್ಲಿನ ಅಲಗು ತಾಗಿದರೆ ಮೊನೆಗಳು ಕಿಡಿ ಹಾರಿಸಿಕೊಂಡು ಹೋಗುತ್ತವೆ, ಕಮಾನುಗಳಿಗೆ ಏನೂ ಆಗುವುದಿಲ್ಲ. ಎರಡು ಸಲ ಹೀಗೆ ಮಾಡಿಸಿದರೆ ಹಲ್ಲು ಅರ್ಧ. ಅಡುಗೆಮನೆ ಸಾಮಾನಿನ ಜೊತೆ ಬರುವ, ಸೀಳಿನಲ್ಲಿ ಚಾಕು ತೂರಿಸಿ ಎಳೆಯುವ ಪುಟ್ಟ ಉಪಕರಣದ ಕಥೆಯೂ ಇದೇ, ಹಾನಿ ಇನ್ನೂ ಜಾಸ್ತಿ. ಅದರೊಳಗಿನ ಕಾರ್ಬೈಡ್ ತುಣುಕುಗಳು ಒಂದೊಂದು ಮೊನೆಯನ್ನೂ ಕೆರೆದುಹಾಕುತ್ತವೆ.

ಹಾಗೆ ನೋಡಿದರೆ ಹಲ್ಲಿಗೆ ಹರಿತ ತರುವುದು ನಮ್ಮವರಿಗೆ ಹೊಸದೇನಲ್ಲ. ಈಳಿಗೆಮಣೆಯ ತುದಿಯಲ್ಲಿ ಕಾಯಿ ತುರಿಯುವ ಚಕ್ರವಿದೆಯಲ್ಲ, ಕುಂದಾಪುರದ ಕಡೆ ಕಾಯಿ ಹೆರೆಯುವ ಹೆರೆಮಣೆಯ ಬಾಯಿ, ಅದೂ ಹಲ್ಲಿನ ಅಲಗೇ. ಹಲ್ಲು ಮೊಂಡಾದರೆ ತುರಿ ಹೂವಿನಂತೆ ಬೀಳುವುದು ನಿಂತು, ಚೂರುಚೂರಾಗಿ ಸಿಡಿಯುತ್ತದೆ. ಆಗ ಮುಮ್ಮೂಲೆಯ ಅರ ತಂದು ಹಲ್ಲು ಹಲ್ಲಿನ ನಡುವೆ ಆಡಿಸುತ್ತಾರೆ. ಬಡಗಿಯೂ ಗರಗಸಕ್ಕೆ ಅರ ಹಾಕುವುದು ಹೀಗೆಯೇ, ಸಂದಿನಲ್ಲಿ. ಹಲ್ಲಿನ ತಲೆಯ ಮೇಲೆ ಸಾಣೆ ಹಿಡಿಯುವ ಬಡಗಿಯನ್ನು ಯಾರೂ ಕಂಡಿಲ್ಲ. ಹಲ್ಲಿನ ಕುಡುಗೋಲು ಸವೆದಾಗ ಕಮ್ಮಾರ ಅದನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು ತೆಳ್ಳಗೆ ಮಾಡಿ, ಉಳಿಯಿಂದ ಒಂದೊಂದೇ ಕಕ್ಕು ಹೊಡೆದು, ಮತ್ತೆ ಹದ ಕೊಡುತ್ತಾನೆ. ನುಣುಪು ಅಲಗಿನ ಕುಡುಗೋಲನ್ನು ಕೊಯ್ಲಿನ ನಡುವೆ ಪದೇ ಪದೇ ಮಸೆಯಬೇಕು, ಹಲ್ಲಿನದಕ್ಕೆ ಆ ತಂಟೆ ಕಡಿಮೆ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ ರೂಪಿಸಿದ ‘ನವೀನ್’ ಕುಡುಗೋಲಿಗೂ ಹಲ್ಲಿನ ಅಲಗನ್ನೇ ಇಟ್ಟಿದ್ದಾರೆ.

ಬ್ರೆಡ್ ಚಾಕು ಇವುಗಳ ಪಕ್ಕದಲ್ಲಿ ತೀರ ಎಳೆಯದು. ಜರ್ಮನಿಯ ಎಸ್‌ಲಿಂಗನ್‌ನ ಫ್ರೀಡ್ರಿಕ್ ಡಿಕ್ ಕಂಪನಿ 1893ರ ಷಿಕಾಗೋ ವಿಶ್ವ ಮೇಳದಲ್ಲಿ ಅಂಥದೊಂದನ್ನು ಪ್ರದರ್ಶನಕ್ಕಿಟ್ಟಿತ್ತು. 1928ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಚಿಲಿಕಾಥಿ ಎಂಬ ಊರಿನಲ್ಲಿ ಆಟೊ ರೋವೆಡರ್ ಎಂಬಾತನ ಯಂತ್ರ ಬ್ರೆಡ್ಡನ್ನು ಹೋಳು ಮಾಡಿಯೇ ಮಾರಾಟಕ್ಕೆ ಕಳಿಸಿದ ಮೇಲೆ ಈ ಚಾಕುವಿನ ಕಾಲ ಮುಗಿಯಬೇಕಿತ್ತು. ಮುಗಿಯಲಿಲ್ಲ. ಗಟ್ಟಿ ಹೊರಪದರ, ಮೆತ್ತನೆ ಒಳಗು ಇರುವ ಯಾವುದಕ್ಕೂ, ಅದು ಟೊಮೆಟೊ ಇರಲಿ, ಅನಾನಸ್ ಇರಲಿ, ಬೇಕರಿಯಿಂದ ತಂದ ಇಡೀ ಬ್ರೆಡ್ ಇರಲಿ, ಇದಕ್ಕಿಂತ ಒಳ್ಳೆಯ ಅಲಗು ಸಿಕ್ಕಿಲ್ಲ.

ಹೆರೆಮಣೆಗೆ ಹಾಕುವ ಅರವನ್ನೇ ಬ್ರೆಡ್ ಚಾಕುವಿಗೂ ಹಾಕಬಹುದಲ್ಲ ಎಂದರೆ, ಬೇಡ. ಹೆರೆಮಣೆಯ ಕಬ್ಬಿಣ ಮೆತು. ಚಾಕುವಿನದು ಗಟ್ಟಿಗೊಳಿಸಿದ ಸ್ಟೇನ್‌ಲೆಸ್ ಉಕ್ಕು. ಜರ್ಮನ್ ಮಾದರಿಯ ಅಡುಗೆಮನೆ ಚಾಕುಗಳಲ್ಲಿ ಸಾಮಾನ್ಯವಾಗಿ ಕಾಣುವ ಉಕ್ಕಿನಲ್ಲಿ ಸುಮಾರು ಶೇ 0.5 ಇಂಗಾಲ, ಶೇ 15ರಷ್ಟು ಕ್ರೋಮಿಯಂ ಇದ್ದು, ರಾಕ್‌ವೆಲ್ ಸಿ ಮಾಪನದಲ್ಲಿ ಅದರ ಗಡಸುತನ 55ರ ಆಸುಪಾಸು. ಸಾದಾ ಅರ ಅದರ ಮೇಲೆ ಜಾರುತ್ತದೆ, ಕಚ್ಚಿದರೂ ಒರಟು ಗೀರು ಬಿಡುತ್ತದೆ. ಇದಕ್ಕೆಂದೇ ವಜ್ರದ ಪುಡಿ ಅಂಟಿಸಿದ, ತುದಿಗೆ ಹೋಗುತ್ತ ಸಣ್ಣಗಾಗುವ ದುಂಡು ಕಡ್ಡಿಗಳು ಸಿಗುತ್ತವೆ. ನಾಲ್ಕಾರು ಚಾಕು ಇರುವವರು ಒಂದನ್ನು ತರಿಸಿಟ್ಟುಕೊಂಡರೆ ದಂಡವೇನಲ್ಲ. ಒಂದೇ ಚಾಕುವಿಗಾದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ‘ವಾಟರ್ ಪೇಪರ್’ ಎಂದು ಕೇಳಿ. ಕಪ್ಪು ಬಣ್ಣದ, ನೀರಿಗೆ ಹಾಳಾಗದ ಮರಳು ಕಾಗದ ಅದು. ಮೇಲಿರುವುದು ಸಿಲಿಕಾನ್ ಕಾರ್ಬೈಡ್, ಕುರಂಜಿಗಿಂತ ತುಸು ಗಡಸು. 600 ನಂಬರಿನದೊಂದು, 1000 ನಂಬರಿನದೊಂದು ಹಾಳೆ ಸಾಕು. ತೀರ ಮೊಂಡಾಗಿದ್ದರೆ 400ರಿಂದ ಶುರು ಮಾಡಬೇಕಾದೀತು.

ಕಾಗದ ಸುತ್ತಲು ಕಡ್ಡಿಯ ಆಯ್ಕೆಯೇ ಅರ್ಧ ಕೆಲಸ. ಪೆನ್ಸಿಲ್, ಹೆಣಿಗೆ ಕಡ್ಡಿ, ಸ್ಕ್ರೂಡ್ರೈವರಿನ ದುಂಡು ದಂಟು, ಯಾವುದಾದರೂ ಆದೀತು. ಕಾಗದ ಒಂದು ಸುತ್ತು ಸುತ್ತಿ ಕಮಾನಿನಲ್ಲಿ ಕೂರಿಸಿದರೆ ಒಳಬಾಗಿಗೆ ಹೊಂದಿಕೊಂಡು ಕೂರಬೇಕು. ದಪ್ಪವಾದರೆ ಎರಡು ಮೊನೆಗಳ ಮೇಲೆ ಸವಾರಿ ಮಾಡಿ ಅವನ್ನೇ ಸವೆಸುತ್ತದೆ. ತೀರ ಸಣ್ಣಗಾದರೆ ಕಮಾನಿನ ನಡುವೆ ತೂತು ಕೊರೆದಂತೆ ಇನ್ನೊಂದು ಗುಂಡಿ ಬೀಳುತ್ತದೆ. ಬಾಗಿಗಿಂತ ಕೂದಲೆಳೆಯಷ್ಟು ಸಣ್ಣದಿರಲಿ.

ಒದ್ದೆ ಬಟ್ಟೆ ಹಾಸಿ, ಇಳಿಜಾರಿನ ಮಗ್ಗುಲು ಮೇಲೆ ಬರುವಂತೆ, ಅಲಗಿನ ಬಾಯಿ ನಿಮ್ಮಿಂದ ಆಚೆಗಿರುವಂತೆ ಚಾಕುವನ್ನು ಮೇಜಿನ ಆಚೆ ಅಂಚಿನಲ್ಲಿ ಇಟ್ಟು ಹಿಡಿಯನ್ನು ಭದ್ರವಾಗಿ ಒತ್ತಿಕೊಳ್ಳಿ. ಈಗ ಕಪ್ಪು ಮಾರ್ಕರ್ ಪೆನ್ನಿನಿಂದ ನಾಲ್ಕಾರು ಕಮಾನುಗಳ ಇಳಿಜಾರಿಗೆ ಮಸಿ ಹಚ್ಚಿ. ಕಡ್ಡಿಯನ್ನು ಮೊದಲ ಕಮಾನಿನಲ್ಲಿ ಕೂರಿಸಿ, ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಒಂದೇ ಒಂದು ಸಲ ಮೆಲ್ಲಗೆ ತಳ್ಳಿ, ಎತ್ತಿ, ನೋಡಿ. ಮಸಿ ಮೇಲುಭಾಗದಲ್ಲಷ್ಟೇ ಹೋಗಿದ್ದರೆ ಕಡ್ಡಿ ತೀರ ಮಲಗಿದೆ, ತುಸು ಎತ್ತಬೇಕು. ಬಾಯಿಯ ತುದಿಯಲ್ಲಷ್ಟೇ ಹೋಗಿದ್ದರೆ ತೀರ ಎದ್ದಿದೆ, ತಗ್ಗಿಸಬೇಕು. ಇಳಿಜಾರಿನ ಅಗಲವೆಲ್ಲ ಒಂದೇ ಸಮನೆ ಬೆಳ್ಳಗಾದರೆ ಅದೇ ನಿಮ್ಮ ಕೋನ. ಡಿಗ್ರಿ ಅಳೆಯುವ ಗೊಡವೆ ಬೇಡ; ಕಾರ್ಖಾನೆಯವರು ಅಳೆದು ಕೊರೆದಿಟ್ಟಿದ್ದಾರೆ, ಅದರ ಮೇಲೆ ಮಲಗಿದರಾಯಿತು. ಇನ್ನೊಂದು ಎಚ್ಚರ: ಕಡ್ಡಿ ಹಿಂದಕ್ಕೆ ಬರುವಾಗ ಎತ್ತಿಕೊಂಡೇ ಬರಬೇಕು. ತಳ್ಳಿದ ದಾರಿಯಲ್ಲೇ ಉಜ್ಜಿಕೊಂಡು ಬಂದರೆ ಅಲಗು ಕಾಗದವನ್ನೇ ಕೊಯ್ಯುತ್ತದೆ, ಕಾಗದದ ಪಕ್ಕದಲ್ಲಿ ನಿಮ್ಮ ಬೆರಳಿರುತ್ತದೆ. ದಪ್ಪ ಕೈಗವಸು ಇದ್ದರೆ ಹಾಕಿಕೊಳ್ಳಿ.

ಐದಾರು ಸಲ ತಳ್ಳಿದ ಮೇಲೆ ಚಪ್ಪಟೆ ಮಗ್ಗುಲಿನಿಂದ ಹೆಬ್ಬೆರಳ ತುದಿಯನ್ನು ಬಾಯಿಯ ಆಚೆಗೆ, ಅಡ್ಡಲಾಗಿ, ಸವರಿ ನೋಡಿ. ಉದ್ದಕ್ಕೆ ಸವರಬೇಡಿ, ಕೊಯ್ದುಕೊಳ್ಳುತ್ತೀರಿ. ಮೊದಲು ನುಣ್ಣಗಿದ್ದಲ್ಲಿ ಈಗ ಚರ್ಮಕ್ಕೆ ಏನೋ ತೊಡರುತ್ತದೆ. ಇಳಿಜಾರಿನಿಂದ ಸವೆದ ಉಕ್ಕು ಬಾಯಿ ದಾಟಿ ಆಚೆ ಮಗ್ಗುಲಿಗೆ ಮಡಚಿಕೊಂಡಿರುವುದು ಅದು. ವರ್ಕ್‌ಶಾಪಿನವರು ಬರ್ ಎನ್ನುತ್ತಾರೆ. ಈ ಬರ್ ಎದ್ದಿದೆ ಎಂದರೆ ಸಾಣೆ ಬಾಯಿಯ ತುತ್ತತುದಿಯವರೆಗೆ ತಲುಪಿದೆ ಎಂದೇ ಅರ್ಥ. ಆ ಕಮಾನಿನ ಕೆಲಸ ಮುಗಿಯಿತು, ಪಕ್ಕದ್ದಕ್ಕೆ ಹೋಗಿ. ಬರ್ ಏಳದಿದ್ದರೆ ಇನ್ನೂ ಎರಡು ಸಲ. ಸಾಣೆ ಹಿಡಿದೂ ಹಿಡಿದೂ ಚಾಕು ಹರಿತವಾಗಲಿಲ್ಲ ಎನ್ನುವವರು ಹೆಚ್ಚಾಗಿ ಬರ್ ಏಳುವ ಮೊದಲೇ ಕೈಬಿಟ್ಟಿರುತ್ತಾರೆ. ಯಾವ ಕಮಾನು ಆಯಿತು, ಯಾವುದು ಬಾಕಿ ಎಂಬ ಗೊಂದಲಕ್ಕೂ ಮಸಿಯೇ ಸಾಕ್ಷಿ. ಕಾಗದ ಸವೆದಂತೆ ಕಡ್ಡಿಯನ್ನು ತುಸು ತಿರುಗಿಸಿ ಹೊಸ ಜಾಗ ಮುಂದಕ್ಕೆ ತನ್ನಿ.

ಎಲ್ಲ ಕಮಾನುಗಳೂ ಆದ ಮೇಲೆ 1000 ನಂಬರಿನ ಕಾಗದ ಸುತ್ತಿ ಪ್ರತಿಯೊಂದಕ್ಕೂ ಎರಡೆರಡು ಸಲ. ಕನ್ನಡಿ ಹೊಳಪು ಬರಿಸುವ ಹಟ ಇಲ್ಲಿ ಬೇಡ. ಬ್ರೆಡ್ಡಿನ ಸಿಪ್ಪೆಗೆ ತುಸು ಒರಟಾದ ಬಾಯಿಯೇ ಚೆನ್ನಾಗಿ ಕಚ್ಚುತ್ತದೆ. ಕೊನೆಗೆ ಬರ್ ತೆಗೆಯುವುದು: ಅದೇ 1000ದ ಹಾಳೆಯನ್ನು ಗಾಜಿನ ಮೇಲೋ ನಯವಾದ ಗ್ರಾನೈಟ್ ಕಟ್ಟೆಯ ಮೇಲೋ ಹಾಸಿ, ಚಪ್ಪಟೆ ಮಗ್ಗುಲನ್ನು ಪೂರ್ತಿ ಮಲಗಿಸಿ, ಬೆನ್ನು ಮುಂದಾಗಿ ಒಂದೆರಡು ಸಲ ಹಗುರವಾಗಿ ಎಳೆಯಿರಿ. ಬೆನ್ನನ್ನು ಎತ್ತಿದಿರೋ, ಚಪ್ಪಟೆ ಕಡೆಯಲ್ಲೂ ಇಳಿಜಾರು ಮೂಡಿ ಹಲ್ಲಿನ ಆಳ ಕಡಿಮೆಯಾಗುತ್ತದೆ. ಆಮೇಲೆ ಸೋಪು ಹಚ್ಚಿ ತೊಳೆದು ಒರೆಸಿ. ಉಕ್ಕಿನ ಪುಡಿ ಬ್ರೆಡ್ಡಿಗೆ ಹತ್ತಬಾರದು.

ಪರೀಕ್ಷೆಗೆ ದಿನಪತ್ರಿಕೆ ಕತ್ತರಿಸಿ ತೋರಿಸುವ ಚಾಳಿ ಉಂಟು. ಮಾಗಿದ ಟೊಮೆಟೊ ಅದಕ್ಕಿಂತ ನಿಷ್ಠುರ ಪರೀಕ್ಷಕ. ಒತ್ತಡವೇ ಇಲ್ಲದೆ, ಚಾಕುವಿನ ತೂಕದಲ್ಲೇ ಒಮ್ಮೆ ಎಳೆದಾಗ ಸಿಪ್ಪೆ ಬಿರಿದರೆ ಸರಿ. ಮತ್ತೆ ಈ ಕೆಲಸ ಬೇಕಾಗುವುದು ಎಷ್ಟು ಕಾಲಕ್ಕೆ ಎಂಬುದು ಚಾಕುವಿಗಿಂತ ಹಲಗೆಯನ್ನು ನೆಚ್ಚಿದೆ. ಮರದ ಹಲಗೆಯ ಮೇಲೆ ಕೊಯ್ಯುವ ಮನೆಯಲ್ಲಿ ವರ್ಷ ಕಳೆದರೂ ಬೇಡವಾದೀತು. ಗ್ರಾನೈಟ್ ಕಟ್ಟೆಯ ಮೇಲೇ ಕೊಯ್ಯುವವರಿಗೆ ಕೆಲವು ವಾರ. ಮತ್ತೆ ಈ ಚಾಕುವನ್ನು ಸೌಟು, ಲಟ್ಟಣಿಗೆಗಳ ಜೊತೆ ಡ್ರಾಯರಿನಲ್ಲಿ ಒಗೆಯುವವರು ಸಾಣೆ ಕಲಿಯುವ ಮೊದಲು ರಟ್ಟಿನದೊಂದು ಒರೆ ಮಾಡಿಕೊಳ್ಳಲಿ.

ಉಳಿದಿರುವುದು ಪಾತ್ರೆ ಅಂಗಡಿಯ ಬಾಗಿಲಲ್ಲಿ ಗೊಂಚಲಾಗಿ ನೇತಾಡುವ, ಪ್ಲಾಸ್ಟಿಕ್ ಹಿಡಿಯ, ಎಳ್ಳುಕಾಳಿನಷ್ಟು ಹಲ್ಲಿನ ಚಾಕು. ಇಡೀ ಕರ್ನಾಟಕದ ತರಕಾರಿ ಬಹುಪಾಲು ಹೆಚ್ಚಿಸಿಕೊಳ್ಳುವುದು ಅದರಿಂದಲೇ ಇರಬೇಕು. ಅಷ್ಟು ಸಣ್ಣ ಸಂದಿಗೆ ಯಾವ ಕಡ್ಡಿಯೂ ಇಳಿಯದು. ಅದಕ್ಕೆ ಉಪ್ಪಿನಕಾಯಿಯ ಪಿಂಗಾಣಿ ಜಾಡಿ ಬೋರಲು ಹಾಕಿ. ತಳದಲ್ಲಿ ಹೊಳಪಿಲ್ಲದ ಒರಟು ಬಳೆಯೊಂದಿರುತ್ತದಲ್ಲ, ಅದಕ್ಕೆ ನೀರು ಚಿಮುಕಿಸಿ ಚಾಕುವಿನ ಚಪ್ಪಟೆ ಮಗ್ಗುಲನ್ನು ಮಲಗಿಸಿ ಐದಾರು ಸಲ ಉಜ್ಜಿ. ಹಿಂಬದಿಯಿಂದ ಉಕ್ಕು ಸವೆದು ಹೊಸ ಬಾಯಿ ಬರುತ್ತದೆ, ಹಲ್ಲು ಮಾತ್ರ ಪ್ರತಿ ಸಲವೂ ಒಂದಿಷ್ಟು ಗಿಡ್ಡಾಗುತ್ತದೆ. ಹೀಗೆ ಹಲವು ಸಲ ನಡೆಯುತ್ತದೆ. ಹಲ್ಲೆಲ್ಲ ಹೋದ ಮೇಲೂ ಬೆಳ್ಳುಳ್ಳಿ ಸಿಪ್ಪೆ ತೆಗೆಯಲು ಅದೇ ಸಾಕು.