ಮರ್ಫಿ ಮಗುವೂ ಮನೆಯ ಕತ್ತರಿಯೂ

ತುಟಿಗೆ ಬೆರಳಿಟ್ಟುಕೊಂಡ ಆ ಗುಂಡುಕೆನ್ನೆಯ ಮಗುವನ್ನು ಎಪ್ಪತ್ತರ ದಶಕದಲ್ಲಿ ಬೆಳೆದವರು ಯಾರೂ ಮರೆತಿಲ್ಲ. ಚಾಳಿನ ಖೋಲಿಯಲ್ಲಿ, ಕ್ಷೌರದಂಗಡಿಯ ಕನ್ನಡಿ ಪಕ್ಕದಲ್ಲಿ, ಉಡುಪಿ ಹೋಟೆಲಿನ ಗಲ್ಲಾದ ಹಿಂದೆ ನಗುತ್ತಿದ್ದ ಮರ್ಫಿ ಮುನ್ನಾ. ರೇಡಿಯೊ ಮಾರಲು ಹುಟ್ಟಿದ ಚಿತ್ರ ಅದು. ಆ ರೇಡಿಯೊ ತಯಾರಾಗುತ್ತಿದ್ದ ಊರು ಠಾಣೆ.

ಮರ್ಫಿ ಮೂಲತಃ ಇಂಗ್ಲೆಂಡಿನ ಕಂಪನಿ. 1929ರಲ್ಲಿ ಫ್ರಾಂಕ್ ಮರ್ಫಿ ಮತ್ತು ಇ. ಜೆ. ಪವರ್ ಅದನ್ನು ಕಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ ಹೆಸರು ಇಲ್ಲಿ ಬೇರೂರಿತು. ಆದರೆ ರೇಡಿಯೊದ ಗುಣಗಾನಕ್ಕೆ ಆಕಾಶವಾಣಿಯಲ್ಲಿ ಜಾಗವಿರಲಿಲ್ಲ. ಅಲ್ಲಿ ಜಾಹೀರಾತೇ ಇರಲಿಲ್ಲ. ಸಚಿವ ಬಿ. ವಿ. ಕೇಸ್ಕರ್ ಕಾಲದಲ್ಲಿ ಸಿನಿಮಾ ಹಾಡುಗಳೂ ಅಲ್ಲಿಂದ ಹೊರಬಿದ್ದವು. ಕೇಳುಗರು ಸುಮ್ಮನೆ ಮುಳ್ಳು ತಿರುಗಿಸಿ ರೇಡಿಯೊ ಸಿಲೋನಿಗೆ ಹೋದರು. 1952ರ ಡಿಸೆಂಬರಿನಿಂದ ಅಮೀನ್ ಸಯಾನಿ ಅಲ್ಲಿ ಟೂತ್‌ಪೇಸ್ಟಿನ ಹೆಸರಿನಲ್ಲೇ ‘ಬಿನಾಕಾ ಗೀತ್‌ಮಾಲಾ’ ನಡೆಸಿದರು. ಹಾಡಿನ ಆಸೆಗೆ ಜನ ಪೇಸ್ಟಿನ ಹೆಸರನ್ನು ಸಹಿಸಿಕೊಂಡರು. ಆಕಾಶವಾಣಿಯ ವಿವಿಧ ಭಾರತಿ ಜಾಹೀರಾತಿಗೆ ಬಾಗಿಲು ತೆರೆದದ್ದು 1967ರ ನವೆಂಬರ್ 1ರಂದು, ಮೊದಲು ಮುಂಬೈ, ಪುಣೆ, ನಾಗಪುರಗಳಲ್ಲಿ.

ಹೀಗಾಗಿ ಹೊಸ ಮಾಧ್ಯಮವನ್ನು ಮನೆಮನೆಗೆ ಹೊತ್ತು ತಂದದ್ದು ಹಳೆಯ ಕಾಗದವೇ. ಮರ್ಫಿ ಮಗುವಿನ ಕ್ಯಾಲೆಂಡರು ರೇಡಿಯೊ ಇಲ್ಲದ ಮನೆಗೂ ಹೋಯಿತು.

ಅಲ್ಲಿ ಅದಕ್ಕೆ ಕತ್ತರಿ ಕಾದಿತ್ತು. ವರ್ಷ ಮುಗಿದ ಕ್ಯಾಲೆಂಡರುಗಳನ್ನು ಆಗ ಯಾರೂ ಎಸೆಯುತ್ತಿರಲಿಲ್ಲ. ಲಕ್ಷ್ಮಿಯಾಗಲಿ, ಕೃಷ್ಣನಾಗಲಿ, ಮುದ್ದು ಮಗುವಾಗಲಿ, ಚಿತ್ರದ ಕೆಳಗಿನ ಕಂಪನಿಯ ಹೆಸರು, ತಾರೀಖಿನ ಹಾಳೆ ಎರಡನ್ನೂ ನೇರವಾಗಿ ಕತ್ತರಿಸಿ, ಗಾಜಿನ ಕಟ್ಟು ಹಾಕಿಸಿ ಗೋಡೆಗೇರಿಸುತ್ತಿದ್ದರು. ಕೊಟ್ಟವನ ಹೆಸರು ಒಲೆಗೆ, ಚಿತ್ರ ಮನೆಗೆ. ಜಾಹೀರಾತನ್ನು ಇಷ್ಟು ಚೊಕ್ಕವಾಗಿ ಸೋಲಿಸಿದ ಉಪಾಯ ಇನ್ನೊಂದಿಲ್ಲ. ಮರ್ಫಿಯ ಹೆಸರು ಮಾತ್ರ ಕತ್ತರಿಗೂ ಸಿಗಲಿಲ್ಲ; ಅದು ಮಗುವಿಗೇ ಅಂಟಿಕೊಂಡಿತು. 2012ರಲ್ಲಿ ಬಂದ ‘ಬರ್ಫಿ!’ ಚಿತ್ರದ ನಾಯಕನಿಗೂ ಅದೇ ಹೆಸರು.

1972ರ ಅಕ್ಟೋಬರ್ 2ರಂದು ಮುಂಬೈ ದೂರದರ್ಶನ ಶುರುವಾಯಿತು, 1976ರಲ್ಲಿ ಅದಕ್ಕೂ ಜಾಹೀರಾತು ಬಂತು. ನಡುಮನೆಯ ರೇಡಿಯೊ ಅಡುಗೆಮನೆಗೆ ಸರಿಯಿತು. ಕೇಬಲ್ ಬಂದ ಮೇಲೆ ಕತ್ತರಿಯ ಕೆಲಸ ರಿಮೋಟ್ ಮಾಡತೊಡಗಿತು. ಟೀವಿಯ ಎದುರು ಬಡವಾದ ಪತ್ರಿಕೆಗಳು ಮುಖಪುಟದ ಮೇಲೇ ಜಾಹೀರಾತಿನ ಹೊದಿಕೆ ಹೊದ್ದವು. ಡೊಂಬಿವಲಿ ಲೋಕಲ್ಲಿನಲ್ಲಿ ಸೀಟು ಸಿಗದವರಿಗೆ ಆ ಹಾಳೆ ನೆಲಕ್ಕೆ ಹಾಸಿಕೊಳ್ಳಲು ಒದಗಿತು.

ಈಗ ಎಲ್ಲವೂ ಫೋನಿನೊಳಗೆ. ನವಿ ಮುಂಬೈಯ ಘನ್ಸೋಲಿಯಲ್ಲಿ ನೆಲೆಯಿರುವ ಜಿಯೊ 2016ರ ಸೆಪ್ಟೆಂಬರಿನಲ್ಲಿ ಡೇಟಾ ಅಗ್ಗಮಾಡಿತು. ರೇಡಿಯೊ, ಟೀವಿ, ಪತ್ರಿಕೆ ಮೂರೂ ಅಂಗೈಗೆ ಬಂದವು. ಆದರೆ ಅಂದು ಕತ್ತರಿ ಮನೆಯವರದಾಗಿತ್ತು. ಇಂದು ಎಷ್ಟು ಕತ್ತರಿಸಬಹುದು, ಯಾವಾಗ ಕತ್ತರಿಸಬಹುದು ಎಂಬುದನ್ನು ಜಾಹೀರಾತು ತೋರಿಸುವವರೇ ಗೊತ್ತುಮಾಡುತ್ತಾರೆ. ನೋವಾಗುವುದು ಇಲ್ಲೇ.

ಸಂಜೆಯ ಲೋಕಲ್ಲಿನಲ್ಲಿ ದಿವಾ ನಿಲ್ದಾಣ ದಾಟುವ ಹೊತ್ತಿಗೆ ಹಿರಿಯರೊಬ್ಬರು ಯೂಟ್ಯೂಬಿನಲ್ಲಿ ಗೀತ್‌ಮಾಲಾ ಕಾಲದ ಹಾಡು ಹುಡುಕುತ್ತಾರೆ. ಹಾಡಿಗೆ ಮುಂಚೆ ಯಾವುದೋ ಸಾಬೂನು. ಐದು ಸೆಕೆಂಡು ಕಳೆಯಲೆಂದು ಅವರ ಹೆಬ್ಬೆರಳು ಪರದೆಯ ಮೂಲೆಯಲ್ಲಿ ಕಾಯುತ್ತದೆ.