ನಿಮಗಿದು ಗೊತ್ತೆ? ಕ್ಯಾಮೆರಾ ತಡೆಯುವ ಕೆಂಪು
ದಕ್ಷಿಣ ಆಕಾಶದ ಕರೀನಾ ನೀಹಾರಿಕೆ ಹೆಸರುವಾಸಿ ಓರಾಯನ್ ನೀಹಾರಿಕೆಗಿಂತ ಹಲವು ಪಟ್ಟು ದೊಡ್ಡದು. ಯುರೋಪ್ ಖಂಡಕ್ಕೆ ಅದು ಕಾಣುವುದೇ ಇಲ್ಲ. 1752ರಲ್ಲಿ ಫ್ರೆಂಚ್ ಖಗೋಳಜ್ಞ ಲಕಾಯ್ ಅದನ್ನು ಗುರುತಿಸಿದ್ದು ಗುಡ್‌ಹೋಪ್ ಭೂಶಿರದಿಂದ.

ಸುಮಾರು 7,500 ಜ್ಯೋತಿರ್ವರ್ಷ ದೂರದ ಈ ಅನಿಲರಾಶಿ ತಾನೇ ಬೆಳಗುತ್ತದೆ. ಒಳಗಿರುವ ದೈತ್ಯ ತಾರೆಗಳ ಅತಿನೇರಳೆ ಕಿರಣಗಳು ಹೈಡ್ರೋಜನ್ ಪರಮಾಣುವಿನ ಎಲೆಕ್ಟ್ರಾನನ್ನು ಕಿತ್ತೊಗೆಯುತ್ತವೆ. ಅದು ಮತ್ತೆ ಪ್ರೋಟಾನಿನ ಜೊತೆಗೂಡಿ ಮೆಟ್ಟಿಲಿಳಿಯುವಂತೆ ಕೆಳಗಿನ ಶಕ್ತಿಮಟ್ಟಗಳಿಗೆ ಬರುತ್ತದೆ. ಮೂರರಿಂದ ಎರಡನೇ ಮಟ್ಟಕ್ಕೆ ಇಳಿದಾಗ ಹೊಮ್ಮುವುದೇ 656.3 ನ್ಯಾನೊಮೀಟರಿನ ಕೆಂಪು.

ತಮಾಷೆಯೆಂದರೆ, ಮಾಮೂಲಿ ಡಿಎಸ್‌ಎಲ್‌ಆರ್ ಕ್ಯಾಮೆರಾ ಈ ಕೆಂಪಿನ ಬಹುಪಾಲನ್ನು ಒಳಗೇ ಬಿಡುವುದಿಲ್ಲ! ಚಿತ್ರದಲ್ಲಿ ಬಣ್ಣಗಳು ಸಹಜವಾಗಿ ಕಾಣಲೆಂದು ಸೆನ್ಸರಿನ ಮುಂದೆ ಕೂರಿಸಿದ ಫಿಲ್ಟರ್ ಅದನ್ನು ತಡೆಯುತ್ತದೆ. ಹಾಗಾಗಿ ಹವ್ಯಾಸಿಗಳು ಆ ಫಿಲ್ಟರನ್ನೇ ಬದಲಿಸುತ್ತಾರೆ. ಆಕಾಶ ಗಂಟೆಗೆ 15 ಡಿಗ್ರಿ ಸರಿಯುವುದರಿಂದ, ಕ್ಯಾಮೆರಾವನ್ನು ಅದರ ಜೊತೆಗೇ ತಿರುಗಿಸುವ ಮೌಂಟ್ (ಪೀಠ) ಬೇಕು. ಹತ್ತಾರು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿದರೆ ‘ನಾಯ್ಸ್’ ಎಂಬ ಚುಕ್ಕೆಗಲೆ ತಗ್ಗಿ, ತೆಳು ಎಳೆಗಳೂ ಮೇಲೇಳುತ್ತವೆ.

ಹಬಲ್ ಬಾಹ್ಯಾಕಾಶ ದೂರದರ್ಶಕದ ಚಿತ್ರಗಳ ಚಿನ್ನ-ನೀಲಿ? ಅದು ಸಂಕೇತ: ಗಂಧಕಕ್ಕೆ ಕೆಂಪು, ಹೈಡ್ರೋಜನ್‌ಗೆ ಹಸಿರು, ಆಮ್ಲಜನಕಕ್ಕೆ ನೀಲಿ. ಮೋಸವಲ್ಲ, ನಕ್ಷೆ.

ನೀಹಾರಿಕೆಯೊಳಗಿನ ಈಟಾ ಕರೀನೇ ತಾರೆ 1843ರಲ್ಲಿ ಸಿಡಿದೆದ್ದು, ಲುಬ್ಧಕವನ್ನು ಬಿಟ್ಟರೆ ರಾತ್ರಿಯ ಅತಿ ಪ್ರಕಾಶಮಾನ ನಕ್ಷತ್ರವಾಗಿತ್ತು. ನಮ್ಮ ಅಗಸ್ತ್ಯ ನಕ್ಷತ್ರವೂ ಇದೇ ಕರೀನಾ ನಕ್ಷತ್ರಪುಂಜದ್ದು.

ಬೆಂಗಳೂರಿನ ಅಕ್ಷಾಂಶದಲ್ಲಿ ನೀಹಾರಿಕೆ ದಿಗಂತದಿಂದ ಸುಮಾರು 17 ಡಿಗ್ರಿಯಷ್ಟೇ ಮೇಲೇರುತ್ತದೆ. ಏಪ್ರಿಲ್ ರಾತ್ರಿ ಒಂಬತ್ತರ ಸುಮಾರಿಗೆ, ನಗರದ ದೀಪಗಳಿಂದ ದೂರ ನಿಂತು ದಕ್ಷಿಣಕ್ಕೆ ಬೈನಾಕ್ಯುಲರ್ ತಿರುಗಿಸಬಹುದು.