ಹಳೆ ಬೈಕಿನ ಕಾರ್ಬರೇಟರ್: ಬದಲಿಸುವ ಮುನ್ನ ಬಿಚ್ಚಿ ನೋಡಿ

ಹೈದರಾಬಾದಿನ ಸುಲ್ತಾನ್ ಬಜಾರ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಸೀರೆ, ಬಳೆ, ಹಬ್ಬದ ಖರೀದಿ. ಬ್ರಿಟಿಷ್ ರೆಸಿಡೆನ್ಸಿಗೆ ಅಂಟಿಕೊಂಡು ಬೆಳೆದು 1933ರಲ್ಲಿ ನಿಜಾಮರ ಕೈಗೆ ಮರಳಿದ ಪೇಟೆ ಇದು. ಬಟ್ಟೆ ಅಂಗಡಿಗಳನ್ನು ದಾಟಿ ಪುತ್ಲಿಬೌಲಿ ಕಡೆ ಹೊರಳಿದರೆ ಬೈಕು, ಸ್ಕೂಟರುಗಳ ಬಿಡಿಭಾಗದ ಅಂಗಡಿಗಳು ಸಿಗುತ್ತವೆ. ಕಾಚಿಗುಡದ ಕನ್ನಡ ಮನೆಗಳಿಗಂತೂ ಇದು ನಡೆದೇ ಹೋಗುವ ದೂರ.

ಹಳೆ ಬುಲೆಟ್ಟಿಗೋ ಆರ್‌ಎಕ್ಸ್ 100ಕ್ಕೋ ಕಾರ್ಬರೇಟರ್ ಬೇಕೆಂದು ಕೇಳಿದರೆ ಅಂಗಡಿಯವರು ಹೊಸದನ್ನೇ ಮುಂದಿಡುತ್ತಾರೆ. ಕೊಳ್ಳಲು ಅವಸರ ಬೇಡ. ಬಹಳಷ್ಟು ಸಲ ಬೇಕಾಗಿರುವುದು ರಿಪೇರಿ ಕಿಟ್ ಮಾತ್ರ: ಬೌಲಿನ ಗ್ಯಾಸ್ಕೆಟ್, ಒ-ರಿಂಗ್, ಫ್ಲೋಟಿನ ಸೂಜಿ, ಅದು ಕೂರುವ ಸೀಟು. ಅಳತೆ ತಪ್ಪಿದ ಜೆಟ್ಟಿನ ಅಗ್ಗದ ನಕಲಿಗಿಂತ, ಹೊಸ ರಬ್ಬರು ಹಾಕಿಸಿಕೊಂಡ ಮೂವತ್ತು ವರ್ಷದ ಒರಿಜಿನಲ್ಲೇ ಮೇಲು.

ಕಾರ್ಬರೇಟರಿನ ಕೆಲಸ ಸರಳ. ಇಂಜಿನ್ ಗಾಳಿ ಎಳೆಯುವಾಗ ಕೊಳವೆಯ ಕಿರಿದಾದ ಕಂಠದಲ್ಲಿ ಗಾಳಿಯ ವೇಗ ಏರಿ ಒತ್ತಡ ಇಳಿಯುತ್ತದೆ. ಕೆಳಗಿನ ಬೌಲಿನಲ್ಲಿರುವ ಪೆಟ್ರೋಲು ಜೆಟ್ಟಿನ ಮೂಲಕ ಮೇಲೆದ್ದು ಗಾಳಿಯೊಂದಿಗೆ ಬೆರೆಯುತ್ತದೆ. ಬುಲೆಟ್ 350ರ ಮಿಕ್‌ಕಾರ್ಬ್ ವಿಎಂ 24, ಆರ್‌ಎಕ್ಸ್ 100ರ ಮಿಕುನಿ ವಿಎಂ 20 ಎರಡೂ ಹೀಗೆಯೇ. ಹೆಸರಿನಲ್ಲಿರುವ ಸಂಖ್ಯೆ ಆ ಕೊಳವೆಯ ಅಗಲ, ಮಿಲಿಮೀಟರಿನಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿ ಹುಟ್ಟಿದ ಜಾವಾ, ಯೆಜ್ಡಿಗಳು ಇನ್ನೂ ರಸ್ತೆಯಲ್ಲಿರುವುದಕ್ಕೆ ಒಂದು ಕಾರಣ, ಅವುಗಳಲ್ಲಿ ಮನೆಯಲ್ಲೇ ಕೂತು ಬಿಚ್ಚಲಾಗದ ಭಾಗಗಳು ಕಡಿಮೆ ಎಂಬುದು.

ಕೆಡುವುದು ಹೇಗೆ? ನಿಂತ ಗಾಡಿಯಲ್ಲಿ ಪೆಟ್ರೋಲು ಆವಿಯಾಗಿ ಅಂಟು ಉಳಿಯುತ್ತದೆ. ಕೂದಲೆಳೆಯಷ್ಟು ಸಣ್ಣ ತೂತಿನ ಪೈಲಟ್ ಜೆಟ್ ಮೊದಲು ಕಟ್ಟಿಕೊಳ್ಳುತ್ತದೆ. ಚೋಕ್ ಹಾಕಿದರೆ ಓಡುವ, ತೆಗೆದರೆ ನಿಲ್ಲುವ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ.

ಬಿಚ್ಚುವ ಮೊದಲು ಕಾಕ್ ಮುಚ್ಚಿ, ಬಯಲಲ್ಲಿ ಕೂರಿ. ಬೀಡಿ, ಸ್ಟವ್, ದೇವರ ದೀಪ ಯಾವುದೂ ಹತ್ತಿರ ಬೇಡ. ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಏರ್ ಸ್ಕ್ರೂ ತೆಗೆಯುವಾಗ ಮೊದಲು ಪೂರ್ತಿ ಒಳಕ್ಕೆ ತಿರುಗಿಸಿ, ಎಷ್ಟು ಸುತ್ತು ಹೋಯಿತೆಂದು ಬರೆದಿಟ್ಟು, ಆಮೇಲೆ ಹೊರಗೆ ತೆಗೆಯಿರಿ. ಜೆಟ್‌ಗಳು ಮೆತ್ತನೆಯ ಹಿತ್ತಾಳೆಯವು. ಬಾಯಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಲ್ಲದಿದ್ದರೆ ಕೈ ಹಾಕಬೇಡಿ.

ತೂತು ಬಿಡಿಸಲು ಪಿನ್ನು, ಸೂಜಿ ಸಲ್ಲದು. ಉಕ್ಕು ಹಿತ್ತಾಳೆಯನ್ನು ಕೆರೆದರೆ ತೂತು ದೊಡ್ಡದಾಗಿ ಗಾಡಿ ಎಂದೆಂದಿಗೂ ಹೆಚ್ಚು ಪೆಟ್ರೋಲು ಕುಡಿಯುತ್ತದೆ. ಹಳೆ ವಿದ್ಯುತ್ ವೈರಿನ ಒಂದೇ ಒಂದು ತಾಮ್ರದ ಎಳೆ, ಕಾರ್ಬ್ ಕ್ಲೀನರ್ ಸ್ಪ್ರೇ, ಸೈಕಲ್ ಪಂಪಿನ ಗಾಳಿ, ಇಷ್ಟು ಸಾಕು. ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿ: ತೂತು ದುಂಡಗೆ, ಅಂಚು ಚೊಕ್ಕಟವಾಗಿ ಕಾಣಬೇಕು. ಸ್ಪ್ರೇ ಹೊಡೆಯುವ ಮುನ್ನ ರಬ್ಬರಿನ ಭಾಗಗಳನ್ನು ಬೇರೆ ತೆಗೆದಿಡಿ, ಕಣ್ಣಿಗೆ ಕನ್ನಡಕ ಇರಲಿ. ಹುಣಸೆಹುಳಿಯಲ್ಲೋ ನಿಂಬೆರಸದಲ್ಲೋ ನೆನೆಹಾಕಿ ಎಂಬ ಸಲಹೆ ಹಿತ್ತಾಳೆ ಚೊಂಬಿಗೆ ಸರಿ. ಹಳೆ ಕಾರ್ಬರೇಟರಿನ ಮೈ ಎಷ್ಟೋ ಸಲ ಸತುವಿನ ಮಿಶ್ರಲೋಹ. ಹುಳಿ ಅದನ್ನೇ ತಿನ್ನುತ್ತದೆ.

ಪೆಟ್ರೋಲು ತೊಟ್ಟಿಕ್ಕುತ್ತಿದ್ದರೆ ಅನುಮಾನ ಫ್ಲೋಟಿನ ಮೇಲೆ. ಹಿತ್ತಾಳೆ ಫ್ಲೋಟನ್ನು ಕಿವಿಯ ಬಳಿ ಅಲುಗಿಸಿ. ಒಳಗೆ ಕುಲುಕುವ ಸದ್ದು ಬಂದರೆ ಪೆಟ್ರೋಲು ಹೊಕ್ಕಿದೆ. ಒಲೆಯಿಂದ ದೂರ ತಂದಿಟ್ಟ ಬಿಸಿನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಏಳುವಲ್ಲಿ ತೂತಿದೆ. ಒಳಗಿನ ಪೆಟ್ರೋಲು ಪೂರ್ತಿ ಹೋಗದೆ ಬೆಸುಗೆ ಹಾಕುವುದು ಅಪಾಯ. ಹೊಸ ಫ್ಲೋಟು ಕೊಳ್ಳುವುದೇ ಜಾಣತನ. ಸೂಜಿಯ ಮೊನೆಯಲ್ಲಿ ಉಗುರಿಗೆ ತಾಕುವಂಥ ಉಂಗುರದ ಗೆರೆ ಬಿದ್ದಿದ್ದರೆ ಸೀಟನ್ನೂ ಸೇರಿಸಿ ಬದಲಿಸಿ.

ಇಂಜಿನ್ನಿಗೆ ಕೂರುವ ಫ್ಲೇಂಜ್ ಬೋಲ್ಟನ್ನು ಅತಿಯಾಗಿ ಬಿಗಿದು ಬಿಗಿದು ಬಾಗಿರುತ್ತದೆ. ಅಲ್ಲಿಂದ ಕಳ್ಳಗಾಳಿ ನುಗ್ಗಿ ಐಡ್ಲಿಂಗ್ ಏರಿಳಿಯುತ್ತದೆ. ದಪ್ಪ ಗಾಜಿನ ಮೇಲೆ ನಯವಾದ ಎಮರಿ ಪೇಪರ್ ಹಾಸಿ ಫ್ಲೇಂಜನ್ನು ಮೆಲ್ಲಗೆ ತಿಕ್ಕಿದರೆ ಮಟ್ಟಕ್ಕೆ ಬರುತ್ತದೆ. ಸ್ಲೈಡ್ ಸವೆದು ಗಡಗಡ ಅಲ್ಲಾಡುತ್ತಿದ್ದರೆ ಮಾತ್ರ ಮನೆಯ ಕೆಲಸ ಅಲ್ಲಿಗೆ ಮುಗಿಯಿತು. ಹೊಸ ಕಾರ್ಬರೇಟರಿಗೆ ದುಡ್ಡು ಹಾಕಬೇಕಾದ ನಿಜವಾದ ಸಂದರ್ಭ ಅದು.

ಜೋಡಿಸಿ ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಏರ್ ಸ್ಕ್ರೂವನ್ನು ಒಂದೂವರೆ ಸುತ್ತಿನ ಆಸುಪಾಸಿನಲ್ಲಿ ಹಿಂದೆಮುಂದೆ ತಿರುಗಿಸಿ, ಇಂಜಿನ್ ಅತಿ ಚುರುಕಾಗಿ ಓಡುವ ಜಾಗದಲ್ಲಿ ನಿಲ್ಲಿಸಿ. ಸ್ಪಾರ್ಕ್ ಪ್ಲಗ್ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಮಿಶ್ರಣ ಸರಿ, ಬೆಳ್ಳಗಿದ್ದರೆ ಪೆಟ್ರೋಲು ಸಾಲದು, ಮಸಿ ಹಿಡಿದಿದ್ದರೆ ಹೆಚ್ಚು.

ಈಗ ಇನ್ನೊಂದು ಸಂಗತಿ ಸೇರಿಕೊಂಡಿದೆ. ಬಂಕುಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲು. ಒಂದು ಕಿಲೋ ಶುದ್ಧ ಪೆಟ್ರೋಲು ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಕಿಲೋ ಸಾಕು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಬೈಕುಗಳಲ್ಲಿ ಬಹುತೇಕವು ಇಂಜೆಕ್ಷನ್ನಿನವು. ಆಮ್ಲಜನಕದ ಸೆನ್ಸರ್ ಇರುವ ಗಾಡಿ ತಾನೇ ಹೊಂದಿಸಿಕೊಳ್ಳುತ್ತದೆ. ಹಳೆ ಕಾರ್ಬರೇಟರಿಗೆ ಅದು ತಿಳಿಯದು. ಹಳೆಯ ಅಳತೆಯಲ್ಲೇ ಸುರಿಯುತ್ತದೆ, ಮಿಶ್ರಣ ತೆಳುವಾಗುತ್ತದೆ. ಎರಡು ಸ್ಟ್ರೋಕಿನ ಯೆಜ್ಡಿ, ಆರ್‌ಎಕ್ಸ್‌ಗಳಲ್ಲಿ ಇದು ಪಿಸ್ಟನ್ ಹಿಡಿದುಕೊಳ್ಳುವವರೆಗೂ ಹೋಗಬಹುದು. ಪ್ಲಗ್ ಬೆಳ್ಳಗಾಗುತ್ತಿದ್ದರೆ ಮೇನ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿ ನೋಡಿ. ಹಳೆಯ ರಬ್ಬರು ಎಥನಾಲಿಗೆ ಊದಿಕೊಳ್ಳುವುದರಿಂದ ಕಿಟ್ ಕೊಳ್ಳುವಾಗ ಎಥನಾಲ್ ತಡೆಯುವ ವಿಟಾನ್ ಒ-ರಿಂಗ್ ಇದೆಯೇ ಎಂದು ಕೇಳಿ.

ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಕಾಕ್ ಮುಚ್ಚಿ, ಬೌಲಿನ ಡ್ರೇನ್ ಸ್ಕ್ರೂ ಬಿಚ್ಚಿ ಒಳಗಿನ ಪೆಟ್ರೋಲನ್ನು ಬಸಿದಿಡಿ. ಇಷ್ಟು ಮಾಡಿದರೆ ಮೇಲೆ ಹೇಳಿದ ಅರ್ಧ ಕೆಲಸ ಮತ್ತೆ ಬೀಳುವುದಿಲ್ಲ.